ಸ್ಕ್ಯಾನ್ ಓದುವ ಡಾಕ್ಟರ್ ಮೆಡಿಕೇರ್‌ನಲ್ಲಿ ಇದ್ದಾರಾ? ಮೊದಲೇ ಕೇಳಿ

ಅಮ್ಮನ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಆಗಿ ಒಂದೂವರೆ ತಿಂಗಳಾದ ಮೇಲೆ ಮನೆಗೊಂದು ಬಿಲ್ ಬಂತು. ಕಳಿಸಿದ್ದು ನಾವು ಹೆಸರೇ ಕೇಳಿರದ ಒಂದು ರೇಡಿಯಾಲಜಿ ಗ್ರೂಪ್. ಅಮ್ಮ ಅದನ್ನು ಹಿಡಿದುಕೊಂಡು ಬಂದು, "ಈ ಡಾಕ್ಟರ್ ಯಾರೇ? ನಾನು ಇವರನ್ನ ನೋಡೇ ಇಲ್ವಲ್ಲ" ಅಂದರು. ನಿಜ, ನೋಡಿರಲಿಲ್ಲ. ಚಿತ್ರ ತೆಗೆದದ್ದು ಟೆಕ್ನಾಲಜಿಸ್ಟ್. ಅದನ್ನು ನೋಡಿ ರಿಪೋರ್ಟ್ ಬರೆದವರು ಬೇರೆಲ್ಲೋ ಕೂತಿದ್ದ ರೇಡಿಯಾಲಜಿಸ್ಟ್.

ಅಮೆರಿಕದಲ್ಲಿ ಅಪ್ಪ ಅಮ್ಮನ ಜೊತೆ ಇರುವವರು ದಯವಿಟ್ಟು ಇದನ್ನು ಓದಿ. 65 ದಾಟಿ, ಗ್ರೀನ್ ಕಾರ್ಡ್ ಬಂದು ಸತತ 5 ವರ್ಷ ಇಲ್ಲೇ ಇದ್ದವರು ಪ್ರೀಮಿಯಂ ಕಟ್ಟಿ ಮೆಡಿಕೇರ್, ಅಂದರೆ ಇಲ್ಲಿನ ಸರ್ಕಾರದ ಆರೋಗ್ಯ ವಿಮೆ, ಸೇರಬಹುದು. ನನ್ನ ಅಮ್ಮನೂ ಹಾಗೇ ಸೇರಿದ್ದು. ಅಪಾಯಿಂಟ್‌ಮೆಂಟ್ ತಗೊಳ್ಳುವಾಗ ನಾನು ಸ್ಕ್ಯಾನ್ ಸೆಂಟರಿಗೆ ಫೋನ್ ಮಾಡಿ "ಮೆಡಿಕೇರ್ ತಗೋತೀರಾ" ಎಂದು ಕೇಳಿದ್ದೆ. ಹೌದು ಅಂದರು. ಸುಳ್ಳೇನೂ ಹೇಳಲಿಲ್ಲ. ಸೆಂಟರ್ ತಗೊಳ್ಳುತ್ತಿತ್ತು, ಓದಿದ ಡಾಕ್ಟರ್ ವಿಷಯ ನಾನು ಕೇಳಿರಲಿಲ್ಲ, ಅವರೂ ಹೇಳಲಿಲ್ಲ.

ಇಲ್ಲಿ ಒಂದು ಸ್ಕ್ಯಾನಿಗೆ ಎರಡು ಲೆಕ್ಕ ಇರುತ್ತವೆ. ಮೆಷಿನ್, ಜಾಗ, ಟೆಕ್ನಾಲಜಿಸ್ಟ್ ಎಲ್ಲ ಸೇರಿ ಒಂದು. ಚಿತ್ರ ಓದಿ ರಿಪೋರ್ಟ್ ಕೊಟ್ಟಿದ್ದಕ್ಕೆ ಇನ್ನೊಂದು. ಎರಡೂ ಒಂದೇ ಬಿಲ್ಲಿನಲ್ಲಿ ಬರಬಹುದು, ಬೇರೆ ಬೇರೆಯಾಗಿಯೂ ಬರಬಹುದು.

ಇನ್ನು 'ಮೆಡಿಕೇರ್ ತಗೋತೀವಿ' ಅನ್ನುವ ಮಾತು. ಇದರಲ್ಲಿ ಮೂರು ಥರದ ಡಾಕ್ಟರ್‌ಗಳಿದ್ದಾರೆ. ಪಾರ್ಟಿಸಿಪೇಟಿಂಗ್ ಅಂದರೆ ಮೆಡಿಕೇರ್ ಒಪ್ಪಿದ ದರವನ್ನೇ ಪೂರ್ತಿ ಹಣ ಎಂದು ಒಪ್ಪಿಕೊಂಡವರು. ಹೆಚ್ಚಿನವರು ಇವರೇ. ನಾನ್ ಪಾರ್ಟಿಸಿಪೇಟಿಂಗ್ ಅಂದರೆ ಮೆಡಿಕೇರ್ ರೋಗಿಗಳನ್ನು ನೋಡುತ್ತಾರೆ, ಆದರೆ ಆ ದರ ಒಪ್ಪುವುದು ಬಿಡುವುದು ಪ್ರತಿ ಸಲ ಅವರ ಇಷ್ಟ. ಮೂರನೆಯವರು ಮೆಡಿಕೇರ್‌ನಿಂದ ಪೂರ್ತಿ ಹೊರಗೆ ಹೋದವರು. ಅವರ ಜೊತೆ ಮೊದಲೇ ಒಂದು ಕರಾರಿಗೆ ಸಹಿ ಹಾಕಬೇಕಾಗುತ್ತದೆ, ಆಮೇಲೆ ಪೂರ್ತಿ ದುಡ್ಡು ನಮ್ಮದೇ. ಹಾಗಾಗಿ ಕೌಂಟರಿನಲ್ಲಿ ಕೊಟ್ಟ ಕಾಗದಕ್ಕೆ ಸುಮ್ನೆ ಸಹಿ ಹಾಕಬೇಡಿ.

ವ್ಯತ್ಯಾಸ ಎಷ್ಟು ಅಂತೀರಾ? ಒಂದು ರಿಪೋರ್ಟಿಗೆ ಮೆಡಿಕೇರ್ ದರ 100 ಡಾಲರ್ ಎಂದುಕೊಳ್ಳಿ, ವರ್ಷದ ಡಿಡಕ್ಟಿಬಲ್, ಅಂದರೆ ಮೆಡಿಕೇರ್ ಕೊಡಲು ಶುರುಮಾಡುವ ಮೊದಲು ನಾವೇ ಕಟ್ಟಬೇಕಾದ ಮೊತ್ತ, ಆಗಲೇ ಮುಗಿದಿದೆ. (ಡಾಕ್ಟರ್ ಖರ್ಚು ನೋಡಿಕೊಳ್ಳುವ ಮೆಡಿಕೇರ್ ಭಾಗಕ್ಕೆ ಪಾರ್ಟ್ ಬಿ ಎಂದು ಹೆಸರು; 2025ರಲ್ಲಿ ಅದರ ಡಿಡಕ್ಟಿಬಲ್ 257 ಡಾಲರ್ ಇತ್ತು.) ಪಾರ್ಟಿಸಿಪೇಟಿಂಗ್ ಡಾಕ್ಟರಾದರೆ ಮೆಡಿಕೇರ್ 80 ಕೊಡುತ್ತದೆ, ನಾವು 20. ನಾನ್ ಪಾರ್ಟಿಸಿಪೇಟಿಂಗ್ ಆದರೆ ದರ 95ಕ್ಕೆ ಇಳಿಯುತ್ತದೆ, ಆದರೆ ಅದರ ಮೇಲೆ ಶೇಕಡ 15ರವರೆಗೆ ಜಾಸ್ತಿ ಕೇಳಬಹುದು, ಅಂದರೆ 109 ಡಾಲರ್ 25 ಸೆಂಟ್. ಮೆಡಿಕೇರ್ ಕೊಡುವುದು 76 ಮಾತ್ರ. ಉಳಿದ 33 ಚಿಲ್ಲರೆ ನಮ್ಮದು. ಅದಕ್ಕಿಂತ ಗಾಬರಿಯಾಗುವುದು ಬೇರೆ ಕಾರಣಕ್ಕೆ: ಆ ಡಾಕ್ಟರ್ ಇಡೀ ಮೊತ್ತವನ್ನು ನಮ್ಮಿಂದಲೇ ಕೇಳುತ್ತಾರೆ, ಮೆಡಿಕೇರ್ ತನ್ನ ಪಾಲನ್ನು ನಮ್ಮ ಹೆಸರಿಗೆ ಕಳಿಸುತ್ತದೆ. ಆ ಹಣ ಬರುತ್ತದೆ ಎಂದು ಗೊತ್ತಿಲ್ಲದ ವಯಸ್ಸಾದವರಿಗೆ ಕೈಗೆ ಸಿಗುವುದು ಬಿಲ್ ಒಂದೇ.

ಅಮ್ಮನಿಗೆ ಆಗಿದ್ದು ಇದೇ. ವರ್ಷಕ್ಕೊಮ್ಮೆ ಮಾಡುವ ಸ್ಕ್ರೀನಿಂಗ್ ಮ್ಯಾಮೊಗ್ರಾಮ್ 40 ದಾಟಿದವರಿಗೆ ಉಚಿತ, ಡಾಕ್ಟರ್ ಮೆಡಿಕೇರ್ ದರ ಒಪ್ಪಿದರೆ. ಅದರಲ್ಲಿ ಏನೋ ಕಂಡು ಮತ್ತೆ ಕರೆದರೆ ಅದು ಡಯಾಗ್ನಾಸ್ಟಿಕ್ ಮ್ಯಾಮೊಗ್ರಾಮ್. ಅದು ಉಚಿತ ಅಲ್ಲ. ಅಮ್ಮನಿಗೆ ಎರಡೂ ಒಂದೇ ಮೆಷಿನ್, ಒಂದೇ ರೂಮು. ರಿಪೋರ್ಟಿನಲ್ಲಿ ಬೈರಾಡ್ಸ್ 3 ಎಂದು ಬಂತು. ಬೈರಾಡ್ಸ್ ಅಂದರೆ ಮ್ಯಾಮೊಗ್ರಾಮ್ ಫಲಿತಾಂಶಕ್ಕೆ ಕೊಡುವ ನಂಬರ್. ಹೆಚ್ಚುಕಡಿಮೆ ಏನೂ ಇಲ್ಲ, ಆದರೆ 6 ತಿಂಗಳಿಗೆ ಇನ್ನೊಮ್ಮೆ ನೋಡಬೇಕು ಎಂದು ಅದರ ಅರ್ಥ. ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಜಾಸ್ತಿ ಇರುವುದಿಲ್ಲ, ಆದರೆ ಮತ್ತೆ ನೋಡಲೇಬೇಕು.

6 ತಿಂಗಳು ತುಂಬಿದಾಗ ಅಮ್ಮ ಹೋಗಲು ಒಪ್ಪಲಿಲ್ಲ. "ಮತ್ತೆ ಇನ್ಯಾರು ಬಿಲ್ ಕಳಿಸ್ತಾರೋ, ಬೇಡ ಕಣೇ, ನಂಗೇನೂ ಆಗಿಲ್ಲ." ಎರಡು ತಿಂಗಳು ಹೀಗೇ ಕಳೆಯಿತು. ನಾನು ರಾತ್ರಿ ಎದ್ದು ಕೂತು ಆ ರಿಪೋರ್ಟನ್ನು ಎಷ್ಟು ಸಲ ಓದಿದ್ದೀನೋ ಗೊತ್ತಿಲ್ಲ. ಹಣಕ್ಕಿಂತ ದೊಡ್ಡ ನಷ್ಟ ಈ ಎರಡು ತಿಂಗಳು. ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಮೆಡಿಕೇರ್‌ನವರ ಕೇರ್ ಕಂಪೇರ್ ಎಂಬ ವೆಬ್‌ಸೈಟ್ ಇದೆ. ಡಾಕ್ಟರ ಹೆಸರು ಹಾಕಿದರೆ ಅವರು ಮೆಡಿಕೇರ್ ದರ ಒಪ್ಪುತ್ತಾರಾ ಎಂದು ತೋರಿಸುತ್ತದೆ. ಒಳ್ಳೆಯದೇ. ಆದರೆ ನಮ್ಮ ಚಿತ್ರವನ್ನು ಯಾರು ಓದುತ್ತಾರೆ ಎಂದು ಮೊದಲೇ ಹೇಗೆ ಗೊತ್ತಾಗಬೇಕು? ಚಿತ್ರಗಳು ಸರದಿಯಲ್ಲಿ ಕೂರುತ್ತವೆ, ಆ ಹೊತ್ತಿಗೆ ಕೆಲಸದಲ್ಲಿ ಇದ್ದವರು ಓದುತ್ತಾರೆ. ಹೆಸರು ಸಿಗುವುದು ರಿಪೋರ್ಟಿನಲ್ಲಿ, ಎಲ್ಲ ಮುಗಿದ ಮೇಲೆ. ಹಾಗಾಗಿ ಈ ಸಲ ನಾನು ಡಾಕ್ಟರ ಹೆಸರು ಕೇಳಲಿಲ್ಲ, ಗ್ರೂಪಿನ ಹೆಸರು ಕೇಳಿದೆ. "ನಿಮ್ಮಲ್ಲಿ ಸ್ಕ್ಯಾನ್ ಓದುವುದು ಯಾವ ಗ್ರೂಪ್? ಅವರ ಬಿಲ್ಲಿಂಗ್ ಆಫೀಸಿನ ನಂಬರ್ ಕೊಡಿ." ಒಂದು ಕಡೆ ಕೊಟ್ಟರು, ಇನ್ನೊಂದು ಕಡೆ ಅದು ನಮಗೆ ಸಂಬಂಧವಿಲ್ಲ ಅಂದರು. ಕೊಟ್ಟ ನಂಬರಿಗೆ ಫೋನ್ ಮಾಡಿ, "ನಿಮ್ಮ ಎಲ್ಲ ರೇಡಿಯಾಲಜಿಸ್ಟ್‌ಗಳೂ ಪಾರ್ಟಿಸಿಪೇಟಿಂಗಾ? ಅಸೈನ್‌ಮೆಂಟ್ ಒಪ್ಪುತ್ತೀರಾ?" ಎಂದು ಇದೇ ಪದಗಳಲ್ಲಿ ಕೇಳಿ, ಉತ್ತರ ಕೊಟ್ಟವರ ಹೆಸರು, ತಾರೀಕು ಬರೆದಿಟ್ಟುಕೊಂಡೆ. (ಅಸೈನ್‌ಮೆಂಟ್ ಒಪ್ಪುವುದು ಅಂದರೆ ಮೆಡಿಕೇರ್ ದರವನ್ನೇ ಪೂರ್ತಿ ಹಣ ಎಂದು ಒಪ್ಪುವುದು.)

ಖಾಸಗಿ ವಿಮಾ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್ ಇದ್ದವರಿಗೆ ಈ ಲೆಕ್ಕ ಬೇರೆ. ಅಲ್ಲಿ ಆ ಪ್ಲಾನಿನ ನೆಟ್‌ವರ್ಕ್ (ಅವರ ಜೊತೆ ಒಪ್ಪಂದ ಇರುವ ಡಾಕ್ಟರ್‌ಗಳ ಪಟ್ಟಿ) ನೋಡಬೇಕು, ಎಂಆರ್‌ಐ ಥರದ್ದಕ್ಕೆ ಮೊದಲೇ ಅನುಮತಿಯೂ ಬೇಕಾಗಬಹುದು. ಗೊಂದಲ ಆದರೆ ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಸಲಹಾ ಸೇವೆ ಇದೆ, ಉಚಿತ, ಫೋನ್ ಮಾಡಿ.

ರೇಡಿಯಾಲಜಿಸ್ಟ್‌ಗಳ ಮೇಲೆ ನನಗೆ ಕೋಪ ಇಲ್ಲ. ಮೆಡಿಕಲ್ ಮುಗಿಸಿ ಮತ್ತೆ 5 ವರ್ಷ ತರಬೇತಿ ಮಾಡಿ ಬಂದವರು, ಅಮ್ಮನ ಎದೆಯಲ್ಲಿದ್ದ ಒಂದು ಸಣ್ಣ ಚುಕ್ಕೆಯನ್ನು ಬಿಡದೆ ಹಿಡಿದವರೂ ಅವರೇ. ಕೋಪ ಸೆಂಟರ್ ಮೇಲೆ. ಯಾವ ಗ್ರೂಪ್ ಓದುತ್ತದೆ ಎಂದು ಅವರಿಗೆ ಗೊತ್ತೇ ಇರುತ್ತದೆ, ಅಲ್ವಾ? ಅಪಾಯಿಂಟ್‌ಮೆಂಟ್ ಕೊಡುವಾಗ ಒಂದು ಸಾಲು ಹೇಳಿದರೆ ಆಯಿತು. ಇದನ್ನು ನಿಯಮವಾಗಿಯೇ ತರಬೇಕು. 70ರ ಹತ್ತಿರದ ಹೆಂಗಸು ಇಂಗ್ಲಿಷಿನಲ್ಲಿ ನಾಲ್ಕು ಕಡೆ ಫೋನ್ ಮಾಡಿ ತಿಳಿದುಕೊಳ್ಳಲಿ ಅನ್ನುವುದು ಸರಿಯಲ್ಲ.

ಕಳೆದ ವಾರ ಅಮ್ಮ ಹೋಗಿ ಬಂದರು. ಚುಕ್ಕೆ ಬದಲಾಗಿಲ್ಲ. ಇನ್ನು 6 ತಿಂಗಳಿಗೆ ಮತ್ತೆ. ಡಾಕ್ಟರ್‌ಗಳು ಮೆಡಿಕೇರ್ ಜೊತೆಗಿನ ಈ ಒಪ್ಪಂದವನ್ನು ವರ್ಷಕ್ಕೊಮ್ಮೆ ಬದಲಾಯಿಸಬಹುದು, ಜನವರಿ 1ರಿಂದ ಹೊಸದು. ನಾನು ಜನವರಿಯಲ್ಲಿ ಆ ಗ್ರೂಪಿಗೆ ಇನ್ನೊಮ್ಮೆ ಫೋನ್ ಮಾಡಬೇಕು.