ಜುಲೈಗೂ ಡಿಸೆಂಬರ್‌ಗೂ ಒಂದೇ ವ್ಯಾಪಾರವಂತೆ!

ದಿನಾ ಬೇರೆಯವರ ಲೆಕ್ಕ ಬರೆಯೋದೇ ನನ್ನ ಕೆಲಸ ಅಂತ ನಿಮಗೆಲ್ಲ ಗೊತ್ತು. ಎಂತೆಂಥ ಲೆಕ್ಕ ನೋಡಿದ್ದೇನೆ. ಆದರೂ ಇವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ಪರಿಚಯದ ಹುಡುಗ ಒಬ್ಬ ಚಿಕ್ಕಮಗಳೂರಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯ ಕೈಮರದ ಕಡೆ ಸಣ್ಣ ಹೋಟೆಲ್ ಹಾಕಬೇಕು ಅಂತ ಓಡಾಡುತ್ತಿದ್ದಾನೆ. ಮುದ್ರಾ ಸಾಲಕ್ಕೆ, ಅಂದರೆ ಸಣ್ಣ ವ್ಯಾಪಾರದವರಿಗೆ ಸರ್ಕಾರದ ಯೋಜನೆಯಲ್ಲಿ ಬ್ಯಾಂಕ್ ಕೊಡುವ ಸಾಲಕ್ಕೆ, ಯಾರ ಹತ್ತಿರವೋ ದುಡ್ಡು ಕೊಟ್ಟು ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿ ತಂದಿದ್ದ. ಸ್ಪೈರಲ್ ಬೈಂಡಿಂಗ್, ಬಣ್ಣದ ಗ್ರಾಫು, ಎಲ್ಲ ಇದೆ. ತಿಂಗಳವಾರು ವ್ಯಾಪಾರದ ಪುಟ ತೆಗೆದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಸಾಲಿನಲ್ಲೂ ಒಂದೇ ಅಂಕಿ. 1,80,000. 1,80,000. 1,80,000.

ಚಿಕ್ಕಮಗಳೂರಲ್ಲಿ! ಜುಲೈ ತಿಂಗಳಲ್ಲಿ!

ಗಿರಿ ರಸ್ತೆಯಲ್ಲಿ ಆಷಾಢದ ಮಳೆ ಹಿಡಿದರೆ ಎದುರಿನ ಗಾಡಿ ಕಾಣುವುದಿಲ್ಲ. ಗುಡ್ಡ ಜರಿದರೆ ಪ್ರವಾಸಿಗರನ್ನು ಬಿಡುವುದೇ ಇಲ್ಲ. ಕರೆಂಟ್ ಹೋದರೆ ಯಾವಾಗ ಬರುತ್ತದೋ, ಫ್ರಿಜ್‌ನಲ್ಲಿದ್ದ ಹಾಲು ಹಾಳು. ಡಿಸೆಂಬರ್‌ನಲ್ಲಿ ಜನ ಬರುತ್ತಾರೆ ನಿಜ. ಆದರೆ ಬಾಬಾಬುಡನ್‌ಗಿರಿಯ ದತ್ತ ಜಯಂತಿ ಹೊತ್ತಿಗೆ ಕೆಲವು ದಿನ ಗಿರಿಗೆ ಪ್ರವಾಸಿಗರು ಬರಬಾರದು ಅಂತ ಆದೇಶ ಬರುತ್ತದಲ್ವಾ? ಈಗ ಮುಳ್ಳಯ್ಯನಗಿರಿಗೆ ಆನ್‌ಲೈನ್ ಬುಕಿಂಗ್ ಬೇರೆ, ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ. ಇದೆಲ್ಲ ಈ ಊರಲ್ಲಿ ಹುಟ್ಟಿದ ಹುಡುಗನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಗೊತ್ತಿರೋದನ್ನ ಕಾಗದಕ್ಕೆ ಇಳಿಸಿಲ್ಲ, ಅಷ್ಟೇ.

ಬಾಡಿಗೆ ಮಾತ್ರ ಮಳೆ ನೋಡುವುದಿಲ್ಲ. ಸಾಲದ ಕಂತೂ ನೋಡುವುದಿಲ್ಲ. ಮುದ್ರಾದ ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ ಅಡಮಾನ ಇಲ್ಲದೆ ಸಾಲ ಸಿಗುತ್ತದೆ, ಒಳ್ಳೆಯದೇ. ಅಡಮಾನ ಇಲ್ಲ ಅಂದರೆ ಕಂತು ಇಲ್ಲ ಅಂತ ಅಲ್ಲವಲ್ಲ.

ಇನ್ನೊಂದು ನೋಡಿ. ತಿಂಗಳಿಗೆ 1,80,000 ಅಂದರೆ ವರ್ಷಕ್ಕೆ 21 ಲಕ್ಷದ 60 ಸಾವಿರ. ಹೋಟೆಲ್ ವ್ಯಾಪಾರ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು. ಅಷ್ಟು ದಪ್ಪದ ರಿಪೋರ್ಟ್‌ನಲ್ಲಿ ಅದರ ಸುದ್ದಿಯೇ ಇಲ್ಲ! 2025ರ ಜುಲೈನಲ್ಲಿ ಯುಪಿಐ ಲೆಕ್ಕದ ಮೇಲೆ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದಾಗ ಎಷ್ಟು ಜನ ಗಾಬರಿಬಿದ್ದು ಕ್ಯೂಆರ್ ಕೋಡ್ ತೆಗೆದುಹಾಕಿದರು, ನೆನಪಿದೆಯಾ? ದಿನಕ್ಕೆ ಆರು ಸಾವಿರ ವ್ಯಾಪಾರ ಆದರೂ ಆ 20 ಲಕ್ಷದ ಮಿತಿ ದಾಟುತ್ತದೆ. ಇದನ್ನು ಅಂಗಡಿ ತೆಗೆಯುವ ಮೊದಲೇ ತಿಳಿದುಕೊಳ್ಳಬೇಕು.

"ಲೆಕ್ಕ ಹಾಕ್ತಾ ಕೂತರೆ ವ್ಯಾಪಾರ ಆಗಲ್ಲ, ಧೈರ್ಯ ಬೇಕು. ನಮ್ಮ ಅಜ್ಜ ಏನು ಪ್ಲಾನ್ ಮಾಡಿದ್ದರು?" ಅಂತ ಕೇಳುವವರು ಇಲ್ಲೂ ಇದ್ದೀರಿ. ಅಜ್ಜನ ಅಂಗಡಿ ಸ್ವಂತ ಕಟ್ಟಡದಲ್ಲಿತ್ತು ಸ್ವಾಮಿ, ಬಾಡಿಗೆ ಇರಲಿಲ್ಲ. ಜೊತೆಗೆ ಅರೇಬಿಕಾ ಕೊಯ್ಲು ಯಾವಾಗ, ರೋಬಸ್ಟಾ ಯಾವಾಗ, ತೋಟದಲ್ಲಿ ಬಟವಾಡೆ ಯಾವ ದಿನ ಅನ್ನೋದು ಅವರಿಗೆ ಬಾಯಿಪಾಠ. ಮಳೆಗಾಲದಲ್ಲಿ ಯಾರಿಗೆ ಎಷ್ಟು ಉದ್ರಿ ಕೊಡಬೇಕು, ಕೊಯ್ಲು ಶುರುವಾದ ಮೇಲೆ ಯಾರಿಂದ ವಸೂಲಿ ಮಾಡಬೇಕು ಅಂತ ಬರೆದಿಡುತ್ತಿದ್ದರು. ಪ್ಲಾನ್ ಅಂದರೆ ಅದೇ ತಾನೇ? ಧೈರ್ಯದ ಮಾತು ಬಿಡಿ. ಧೈರ್ಯ ಇಲ್ಲದವನು ಸಾಲ ಮಾಡಿ ಹೋಟೆಲ್ ಹಾಕಲು ಹೊರಡುತ್ತಾನಾ?

ನನಗೆ ಯಾಕಿಷ್ಟು ಸಂಕಟ ಅಂದರೆ, ಮುಚ್ಚಿಹೋದ ಅಂಗಡಿಗಳ ಕೊನೆಯ ಲೆಕ್ಕ ಬರೆಯೋದೂ ನಾನೇ. ಪ್ಲಾಸ್ಟಿಕ್ ಕವರ್‌ನಲ್ಲಿ ಬಿಲ್ಲುಗಳನ್ನು ತುಂಬಿಕೊಂಡು ಬರುತ್ತಾರೆ. ಹಾಲಿನ ಬಿಲ್ಲು, ಗ್ಯಾಸ್ ಬಿಲ್ಲು, ಅದರ ಮಧ್ಯೆ ಹೆಂಡತಿಯ ಬಳೆ ಅಡವಿಟ್ಟ ರಸೀದಿ. ಹೊರಗೆ ಜನ ಮಾತ್ರ ವಾಸ್ತು ಸರಿ ಇರಲಿಲ್ಲ, ದೃಷ್ಟಿ ಬಿತ್ತು ಅನ್ನುತ್ತಾರೆ. ಎಂಥ ವಾಸ್ತು? ಮಳೆಗಾಲದ ನಾಲ್ಕು ತಿಂಗಳ ಬಾಡಿಗೆಗೆ, ಕಂತಿಗೆ, ಹುಡುಗರ ಸಂಬಳಕ್ಕೆ ದುಡ್ಡು ಎತ್ತಿಟ್ಟಿರಲಿಲ್ಲ. ಸೀಸನ್ ದುಡ್ಡು ಗಲ್ಲಾದಿಂದ ನೇರ ಮನೆ ಖರ್ಚಿಗೆ ಹೋಗಿತ್ತು.

ಅಂಗಡಿ ಹಾಕುವ ಯೋಚನೆ ಇರುವವರು ದಯವಿಟ್ಟು ಅಡ್ವಾನ್ಸ್ ಕೊಡುವ ಮೊದಲು ನನ್ನ ಹತ್ತಿರ ಬನ್ನಿ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ, ಫೀಸು ಏನೂ ಬೇಡ. ಒಂದು ಹಾಳೆ, ಒಂದು ಪೆನ್ನು ಸಾಕು. ತಿಂಗಳವಾರು ಲೆಕ್ಕವನ್ನು ಮಳೆ ಹಿಡಿಯುವ ಜೂನ್ ಸಾಲಿನಿಂದಲೇ ಬರೆಯಲು ಶುರು ಮಾಡೋಣ.