ಪ್ರೈವೇಟ್ ಅಳಿಸಿ ಪ್ರೊಟೆಕ್ಟೆಡ್ ಬರೆಯುವವರಿಗೆ

ಇವತ್ತು ಬೆಳಿಗ್ಗೆ ಕೋಡ್ ರಿವ್ಯೂಗೆ (ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವುದು) ಬಂದದ್ದು ಒಂದೇ ಪದದ ಬದಲಾವಣೆ. ಜಾವಾ ಭಾಷೆಯಲ್ಲಿ ಬರೆದ ಕ್ಲಾಸ್ ಒಂದರಲ್ಲಿ, ಅಂದರೆ ಡೇಟಾವನ್ನೂ ಅದನ್ನು ಬಳಸುವ ಕೋಡನ್ನೂ ಒಟ್ಟಿಗಿಡುವ ಘಟಕದಲ್ಲಿ, ಖಾತೆಯ ಶಿಲ್ಕು ಇಡುವ ಫೀಲ್ಡ್ ಪ್ರೈವೇಟ್ ಆಗಿತ್ತು: ಆ ಕ್ಲಾಸ್ ಮಾತ್ರ ಅದನ್ನು ಮುಟ್ಟಬಹುದಿತ್ತು. ಅದನ್ನು ಪ್ರೊಟೆಕ್ಟೆಡ್ ಮಾಡಿ, ಆ ಕ್ಲಾಸನ್ನು ಆಧರಿಸಿ ಕಟ್ಟುವ ಸಬ್‌ಕ್ಲಾಸ್‌ಗಳಿಗೂ ತೆರೆದಿದ್ದರು. ಏಕೆಂದು ಕೇಳಿದೆ. 'ಸಬ್‌ಕ್ಲಾಸ್‌ನಲ್ಲಿ ಬೇಕಿತ್ತು, ಕಂಪೈಲರ್ ಬಿಡಲಿಲ್ಲ.' (ಕಂಪೈಲರ್ ಎಂದರೆ ಕೋಡನ್ನು ಕಂಪ್ಯೂಟರಿಗಾಗಿ ಅನುವಾದಿಸುವ, ನಿಯಮ ಮೀರಿದರೆ ತಡೆಯುವ ಪ್ರೋಗ್ರಾಮ್.) ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡಂತೆ! ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶಿಲ್ಕು ಸೊನ್ನೆಗಿಂತ ಕೆಳಗಿಳಿಯಬಾರದು. ಆ ನಿಯಮವನ್ನು ಕಾಯುವ ಮೆಥಡ್, ಅಂದರೆ ಕೆಲಸ ಮಾಡುವ ಕೋಡಿನ ತುಣುಕು, ಆ ಕ್ಲಾಸಿನಲ್ಲಿ ಒಂದೇ ಇದೆ. ಲೆಕ್ಕ ತಪ್ಪಿದರೆ ಎಲ್ಲಿ ಹುಡುಕಬೇಕೆಂದು ನನಗೆ ಗೊತ್ತು. ಪ್ರೊಟೆಕ್ಟೆಡ್ ಎಂದು ಬರೆದ ಕ್ಷಣವೇ ಆ ನೆಮ್ಮದಿ ಹೋಯಿತು. ನಾಳೆ ಯಾರೋ ಬರೆಯಲಿರುವ ಸಬ್‌ಕ್ಲಾಸ್ ಕೂಡ ನೇರವಾಗಿ ಅದಕ್ಕೆ ಕೈ ಹಾಕಬಹುದು. ಜಾವಾದಲ್ಲಂತೂ ಅದೇ ಪ್ಯಾಕೇಜಿನ (ಕ್ಲಾಸುಗಳ ಗುಂಪಿನ) ಎಲ್ಲ ಕ್ಲಾಸುಗಳೂ, ಸಂಬಂಧವೇ ಇಲ್ಲದವೂ, ಅದನ್ನು ತಿದ್ದಬಹುದು. ವರ್ಷಗಟ್ಟಲೆ ಕೋಡ್ ಬರೆದವರೂ ಹೆಸರು ನೋಡಿ ಅಲ್ಲಿ ರಕ್ಷಣೆ ಇದೆಯೆಂದೇ ನಂಬಿರುತ್ತಾರೆ.

'ತಂದೆಯ ಆಸ್ತಿ ಮಕ್ಕಳಿಗೆ ಸೇರಬೇಡವೇ? ಇನ್‌ಹೆರಿಟೆನ್ಸ್ ಎಂದರೆ ಅದೇ ಅಲ್ಲವೇ?' ಎಂದು ಗೆಳೆಯರೊಬ್ಬರು ಕೇಳಿದರು. ಮೂಲ ಕ್ಲಾಸಿನಲ್ಲಿರುವುದು ಸಬ್‌ಕ್ಲಾಸಿಗೂ ಬರುವುದನ್ನೇ ಇನ್‌ಹೆರಿಟೆನ್ಸ್ ಎನ್ನುವುದು. ಆ ಹೋಲಿಕೆಯೇ ತಪ್ಪು. ಇಲ್ಲಿ ತಂದೆ ಆಸ್ತಿ ಬಿಟ್ಟು ಹೋಗಿಲ್ಲ; ಮೂಲ ಕ್ಲಾಸ್ ಅದೇ ಫೀಲ್ಡನ್ನು ನಂಬಿ ದಿನವೂ ಕೆಲಸ ಮಾಡುತ್ತಿದೆ. ಮೇಲಾಗಿ, ಪ್ರೈವೇಟ್ ಫೀಲ್ಡ್ ಸಬ್‌ಕ್ಲಾಸಿನ ಆಬ್ಜೆಕ್ಟ್‌ನೊಳಗೂ (ಆ ಕ್ಲಾಸಿನಿಂದ ತಯಾರಾಗುವ ಪ್ರತಿಯೊಳಗೂ) ಇದ್ದೇ ಇರುತ್ತದೆ, ಹೆಸರು ಹಿಡಿದು ಮುಟ್ಟಲು ಬರುವುದಿಲ್ಲ ಅಷ್ಟೆ. ಓದಬೇಕೇ? ಓದಲು ಒಂದು ಪ್ರೊಟೆಕ್ಟೆಡ್ ಮೆಥಡ್ ಕೊಡಿ. ಬದಲಿಸಬೇಕೇ? ನಿಯಮ ಕಾಯುವ ಮೆಥಡ್ ಮೂಲಕವೇ ಬದಲಿಸಿ.

ಈ ಪಾಠ ಹೊಸದಲ್ಲ. ಸಿ ಪ್ಲಸ್ ಪ್ಲಸ್ ಎಂಬ ಇನ್ನೊಂದು ಭಾಷೆಗೆ ಪ್ರೊಟೆಕ್ಟೆಡ್ ಸೇರಿದ್ದು 1.2ನೇ ಆವೃತ್ತಿಯಲ್ಲಿ. ಅದು ಬೇಕೇ ಬೇಕೆಂದು ವಾದಿಸಿದವರು ಇಂಟರ್‌ವ್ಯೂಸ್ ಎಂಬ ಲೈಬ್ರರಿ (ಬೇರೆಯವರೂ ಬಳಸಬಹುದಾದ ಸಿದ್ಧ ಕೋಡಿನ ಸಂಗ್ರಹ) ಕಟ್ಟುತ್ತಿದ್ದ ಮಾರ್ಕ್ ಲಿಂಟನ್. ಸುಮಾರು 5 ವರ್ಷಗಳ ನಂತರ ಅದೇ ಲಿಂಟನ್ ತಮ್ಮ ಲೈಬ್ರರಿಯಲ್ಲಿ ಪ್ರೊಟೆಕ್ಟೆಡ್ ಡೇಟಾವನ್ನು ನಿಷೇಧಿಸಿದರು, ದೋಷಗಳು ಅಲ್ಲಿಂದಲೇ ಹುಟ್ಟುತ್ತಿದ್ದವು. ಭಾಷೆಯ ಸೃಷ್ಟಿಕರ್ತ ಸ್ಟ್ರೌಸ್ಟ್ರಪ್ ಅವರೇ ಇದನ್ನು ದಾಖಲಿಸಿದ್ದಾರೆ. ಲಿಂಟನ್ ನಿಷೇಧಿಸಿದ್ದು ಡೇಟಾವನ್ನು, ಮೆಥಡ್‌ಗಳನ್ನಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ನಾನು ಇಷ್ಟು ಕೆರಳುವುದಕ್ಕೆ ಕಾರಣವಿದೆ. ನನ್ನ ಮೊದಲ ಕೆಲಸದಲ್ಲಿ ಇದೇ ತಪ್ಪು ಮಾಡಿದ್ದೆ. 2 ವರ್ಷದ ಬಳಿಕ ಆ ಫೀಲ್ಡಿನ ಟೈಪ್ (ಅದರಲ್ಲಿ ಇಡುವ ಡೇಟಾದ ಬಗೆ) ಬದಲಿಸಹೊರಟರೆ, ಬೇರೆ ತಂಡಗಳ ಸಬ್‌ಕ್ಲಾಸ್‌ಗಳು ಅದನ್ನೇ ಹಿಡಿದುಕೊಂಡು ನಿಂತಿದ್ದವು. ನಾನು ಬರೆದ ಕ್ಲಾಸನ್ನು ನಾನೇ ತಿದ್ದಲಾಗಲಿಲ್ಲ.

ಇವತ್ತಿನ ಬದಲಾವಣೆಯನ್ನು ಹಿಂದಕ್ಕೆ ಕಳುಹಿಸಿದ್ದೇನೆ. ಮಧ್ಯಾಹ್ನ ಅದನ್ನು ಬರೆದ ಹುಡುಗಿಯ ಜೊತೆ ಕುಳಿತು, ಮೇಲೆ ಹೇಳಿದ ಪ್ರೊಟೆಕ್ಟೆಡ್ ಮೆಥಡ್ ಬರೆಯುತ್ತೇವೆ.