ಕರಡಿಗೂ ಒಂದು ಬಿಬ್ ನಂಬರ್ ಕೊಡಿ

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನಲ್ಲಿ ಓಟ ನಡೆಸುತ್ತಾರಂತೆ, ಅದರ ನಕ್ಷೆ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಹಸಿರು ಗೆರೆ 5 ಕಿ.ಮೀ., ನೀಲಿ 10, ಕೆಂಪು 21. ಕೆಂಪು ಗೆರೆ ಎಳೆದ ಪುಣ್ಯಾತ್ಮ ಹಿಮವತ್ಕೇದಾರದ ಹತ್ತಿರ ಕಾಡಿಗೆ ಹೊಕ್ಕು, ಗುಡ್ಡದ ನೆತ್ತಿ ಹತ್ತಿ, ಗಾಳಿಯಂತ್ರಗಳ ಬುಡ ಸವರಿಕೊಂಡು ಕೆಳಗಿಳಿದಿದ್ದಾನೆ. ಎಲ್ಲೆಲ್ಲಿ ಬಾಳೆಹಣ್ಣು ಸಿಗುತ್ತದೆ, ಎಲ್ಲೆಲ್ಲಿ ಫೋಟೋ ತೆಗೆಯುತ್ತಾರೆ, ಎಲ್ಲಾ ಗುರುತಿದೆ. ಕರಡಿಯ ಗುರುತು ಮಾತ್ರ ಇಲ್ಲ. ನಕ್ಷೆಯಲ್ಲಿ ಇಲ್ಲ ಅಂದಮೇಲೆ ಕಾಡಿನಲ್ಲೂ ಇಲ್ಲ. ಅಕಸ್ಮಾತ್ ಎದುರಾದರೆ ಅದು ನೋಂದಣಿ ಮಾಡಿಸದೆ, ಎದೆಗೆ ಬಿಬ್ ಅನ್ನುವ ನಂಬರ್ ಚೀಟಿ ಚುಚ್ಚಿಕೊಳ್ಳದೆ ಓಟಕ್ಕೆ ನುಗ್ಗಿದ ಕರಡಿ.

ದುರ್ಗದವರಿಗೆ ಓಟ ಹೊಸದೇನಲ್ಲ. ನೀರಿನ ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದ್ದೇವೆ. ಬೆಂಗಳೂರಿನ ಬಸ್ಸು ಊರೊಳಗೆ ಬರದೆ ಬೈಪಾಸಿನಲ್ಲೇ ಇಳಿಸಿ ಹೋದಾಗ ನಡುರಾತ್ರಿ ಲಗೇಜು ಹೊತ್ತು ಓಡಿದ್ದೇವೆ. ಇದಕ್ಕೆಲ್ಲ ಯಾರೂ ಕೊರಳಿಗೆ ಪದಕ ಹಾಕಿರಲಿಲ್ಲ. ಈಗ ಕಾಲುದಾರಿಯಲ್ಲಿ ಓಡುವುದಕ್ಕೆ ಟ್ರೇಲ್ ರನ್ನಿಂಗ್ ಅಂತ ಹೆಸರು, ಶುಲ್ಕ, ಅದಕ್ಕೇ ಬೇರೆ ಬೂಟು. ಬೆನ್ನಿಗೊಂದು ನೀರಿನ ಚೀಲ, ಚೀಲದಿಂದ ಬಾಯಿಗೊಂದು ನಳಿಕೆ, ಮುಂಗೈಗೆ ಉಪಗ್ರಹದ ಜತೆ ಮಾತಾಡುವ ಗಡಿಯಾರ. ಎಷ್ಟು ಮೀಟರ್ ಏರಿದೆವು ಅಂತ ಗಡಿಯಾರವೇ ಹೇಳಬೇಕು. ಮೊಣಕಾಲು ಹೇಳಿದ ಲೆಕ್ಕ ಸ್ಟೇಟಸ್ಸಿಗೆ ಹಾಕಲು ಬರುವುದಿಲ್ಲ.

ಓಡುವವರ ಮೇಲೆ ನನಗೆ ಸಿಟ್ಟಿಲ್ಲ. ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ಅಂಗಡಿಗೆ ನಡೆದು ಹೋಗುವುದನ್ನೇ ವ್ಯಾಯಾಮ ಅಂದುಕೊಂಡಿರುವ ಊರು ನಮ್ಮದು. ಯಾರಾದರೂ ಓಡಲಿ. ನಗು ಬರುವುದು ಕಾನೂನನ್ನು ನೋಡಿದಾಗ. 2015ರಲ್ಲಿ ಈ ಗುಡ್ಡಗಳ ಸುಮಾರು 100 ಚದರ ಕಿ.ಮೀ. ಕಾಡನ್ನು ವನ್ಯಜೀವಿಧಾಮ ಮಾಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಜಾಗಕ್ಕೆ ಯಾರೆಂದರವರು ಕಾಲಿಡುವಂತಿಲ್ಲ. ಯಾವ ಯಾವ ಕೆಲಸಕ್ಕೆ ಪರವಾನಗಿ ಕೊಡಬಹುದು ಅಂತ 28ನೇ ಕಲಮಿನಲ್ಲಿ ಪಟ್ಟಿಯೇ ಇದೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸೋದ್ಯಮ, ಒಳಗೆ ವಾಸ ಇರುವವರ ಜತೆ ಕಾನೂನುಬದ್ಧ ವ್ಯವಹಾರ. ಸೌದೆ ಇಲ್ಲ. ಸೀತಾಫಲ ಇಲ್ಲ. ಕುರಿ ಇಲ್ಲ. ಓಟವೂ ಇಲ್ಲ. ಆದರೆ ಪ್ರವಾಸೋದ್ಯಮದ ಹೊಟ್ಟೆ ದೊಡ್ಡದು, ಓಟವೇನು, ಓಟಕ್ಕೆ ಮುಂಚಿನ ಜುಂಬಾ ಕುಣಿತವೂ ಅದರೊಳಗೆ ಹಿಡಿಯುತ್ತದೆ.

ಹಾಗಾಗಿ ಗುಡ್ಡದ ಕೆಳಗಿನ ಹಟ್ಟಿಯ ಹೆಂಗಸರಿಗೆ ನನ್ನದೊಂದು ಉಚಿತ ಸಲಹೆ. ಇನ್ನು ಮೇಲೆ ಗಾರ್ಡು ತಡೆದು "ಎಲ್ಲಿಗ್ ಹೊಂಟಿ ಅಮ್ಮಾ, ಬುಟ್ಟಿ ಕೆಳಗಿಡು" ಅಂದರೆ ಅಳಬೇಡಿ. "ಟ್ರೇಲ್ ರನ್ನು ಸಾರ್, ಇಪ್ಪತ್ತೊಂದು ಕಿಲೋಮೀಟ್ರು. ತಲೆ ಮ್ಯಾಲಿರೋದು ವೇಯ್ಟ್ ಟ್ರೈನಿಂಗು" ಅನ್ನಿ. ಸೀರೆ ಮೇಲೊಂದು ಬಿಬ್ ಚುಚ್ಚಿಕೊಂಡಿದ್ದರೆ ಇನ್ನೂ ಒಳ್ಳೆಯದು. ಆತ ಸೆಲ್ಯೂಟ್ ಹೊಡೆದರೂ ಹೊಡೆದಾನು.

ಜುಂಬಾ ಅಂದೆನಲ್ಲ. ಬೆಳಗಿನ ಜಾವ ಐದಕ್ಕೆ ಗುಡ್ಡದ ಬುಡದಲ್ಲಿ ಡಿಜೆ ಹಚ್ಚಿ, ನಾನೂರು ಮಂದಿ ಕೈ ಮೇಲೆತ್ತಿ ಕುಣಿಯಬೇಕು. ಮೈ ಬಿಸಿ ಆಗಲಿ ಅಂತ. ರಾತ್ರಿಯೆಲ್ಲ ಗೆದ್ದಲಿನ ಹುತ್ತ ಕೆದರಿ, ಕಾರೆ ಕವಳೆ ಹಣ್ಣು ತಿಂದು ಕರಡಿ ಗವಿಗೆ ಮರಳುವುದೂ ಅದೇ ಹೊತ್ತಿಗೆ. ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ. ಮೂಗು ಮಾತ್ರ ಚುರುಕು. ಹತ್ತಿರ ಬರುವ ತನಕ ಅದಕ್ಕೆ ನೀವು ಗೊತ್ತಾಗುವುದಿಲ್ಲ, ಗೊತ್ತಾದ ಕೂಡಲೇ ಗಾಬರಿಗೆ ಮೈಮೇಲೆ ಬೀಳುತ್ತದೆ. ಆ ಮೊದಲ ಸಾಲಿನ ವೀರರ ಕಿವಿಯಲ್ಲೂ ಇಯರ್‌ಫೋನು. ಒಬ್ಬರಿಗೊಬ್ಬರು ಕೇಳಿಸದ ಇಬ್ಬರು ಒಂದೇ ತಿರುವಿನಲ್ಲಿ! ಇಂಥ ಸಂದರ್ಭದಲ್ಲಿ ಮುಂಗೈಯ ಗಡಿಯಾರ ಬಹಳ ಉಪಯೋಗಕ್ಕೆ ಬರುತ್ತದೆ. ಆ ಕಿಲೋಮೀಟರಿನಲ್ಲಿ ಯಾರ ವೇಗ ಎಷ್ಟು ಏರಿತು ಅಂತ ಆಮೇಲೆ ನೋಡಬಹುದು.

ಕರಡಿ ದಾರಿ ತಪ್ಪಿ ಊರಿಗೆ ಬಂದರೆ ಬಲೆ, ಬೋನು, ಅರಿವಳಿಕೆ ಮದ್ದು. ಊರು ದಾರಿ ಬಿಟ್ಟು ಕಾಡಿಗೆ ಹೋದರೆ ಟೀ ಶರ್ಟು. ಟೀ ಶರ್ಟಿನ ಮೇಲೆ "ಕಾಡು ಉಳಿಸಿ". ಈ ಸಂದೇಶವನ್ನು ಕಾಡಿನೊಳಗೆ ಓಡಿ ಯಾರಿಗೆ ತಲುಪಿಸುತ್ತಾರೋ ನನಗೆ ತಿಳಿಯದು. ನವಿಲಿಗೆ ಓದಲು ಬರುವುದಿಲ್ಲ.

ದುರ್ಗದಲ್ಲಿ ಓಡಿದರೆ ದಾವಣಗೆರೆ ಸುಮ್ಮನಿರುತ್ತದೆಯೇ? ಬೆಣ್ಣೆದೋಸೆ ಕರಗಿಸಲು ಅವರಿಗೆ ನಮಗಿಂತ ದೊಡ್ಡ ಗುಡ್ಡ ಬೇಕು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಇದೆಯಲ್ಲ, 2011ರಿಂದ ಕೊಂಡುಕುರಿಗಳಿಗೆ ಅಂತಲೇ ಮೀಸಲಾದ ಕಾಡು. ಇನ್ನು ಅದಕ್ಕೂ ಮೂರು ಬಣ್ಣದ ಗೆರೆ ಬೀಳಬಹುದು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು, ಆದರೆ ಧೈರ್ಯ ಅರ್ಧ ಕೊಂಬಿನಷ್ಟೂ ಇಲ್ಲ. ಎಲೆ ಅಲುಗಿದರೆ ಪೊದೆ ಸೇರುವ ಪ್ರಾಣಿ. ಅದರದ್ದೊಂದು ಶಿಸ್ತು ನನಗೆ ಬಹಳ ಇಷ್ಟ. ಹಿಕ್ಕೆ ಹಾಕಲು ಅದು ಕಂಡಕಂಡಲ್ಲಿ ಕೂರುವುದಿಲ್ಲ. ಜಾಗ ಗೊತ್ತು ಮಾಡಿಕೊಂಡು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಯಾವ ಅಭಿಯಾನವೂ ಇಲ್ಲದೆ, ಯಾವ ಸಹಾಯಧನವೂ ಇಲ್ಲದೆ. ನಮ್ಮ ಓಟಗಾರ ಮಹಾಶಯರು ಏಳನೇ ಕಿಲೋಮೀಟರಿಗೆ ಹೊಟ್ಟೆ ಹಿಡಿದುಕೊಂಡು ಯಾವ ಬಂಡೆಯ ಮರೆ ಹುಡುಕುತ್ತಾರೆ ಅನ್ನುವುದು ನಕ್ಷೆಯಲ್ಲಿಲ್ಲ. ಈ ವಿಷಯದಲ್ಲಿ ತರಬೇತಿ ಶಿಬಿರ ನಡೆಸುವುದಾದರೆ ಸಂಪನ್ಮೂಲ ವ್ಯಕ್ತಿಯಾಗಿ ಒಂದು ಕೊಂಡುಕುರಿಯನ್ನೇ ಕರೆಸಬೇಕು.

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ ಬೆಟ್ಟಗಳಲ್ಲಿ 100 ಕಿ.ಮೀ. ಓಟ ನಡೆದಿತ್ತು. ನಡುದಾರಿಯಲ್ಲಿ ಗಾಳಿ, ಆಲಿಕಲ್ಲು, ಕೊರೆಯುವ ಮಳೆ. ತೆಳು ಬಟ್ಟೆಯಲ್ಲಿದ್ದ 21 ಓಟಗಾರರು ಚಳಿಗೆ ಸೆಟೆದು ಸತ್ತರು. ಆರು ಜನರನ್ನು ಉಳಿಸಿದವನು ಝು ಕೆಮಿಂಗ್ ಅನ್ನುವ ಒಬ್ಬ ಕುರಿ ಕಾಯುವವನು. ಮಳೆಗೆ ಗವಿಯೊಂದರಲ್ಲಿ ನಿಂತಿದ್ದ ಅವನು ಓಟಗಾರರನ್ನು ಒಳಗೆ ಕರೆತಂದು ಬೆಂಕಿ ಹಾಕಿದ. ದುರ್ಗದ ಗುಡ್ಡಗಳ ಗಾಳಿ ಎಂಥದ್ದು ಅಂತ ಸಾಲು ಸಾಲು ಯಂತ್ರಗಳನ್ನು ನೆಟ್ಟವರನ್ನು ಕೇಳಿ. ಇಲ್ಲಿ ಹಾಗೇನಾದರೂ ಆದರೆ ಕಂಬಳಿ ಹೊದ್ದ ಯಜಮಾನನೊಬ್ಬ ಗವಿಯಲ್ಲಿ ಇರುತ್ತಾನೆ ಅಂದುಕೊಂಡಿದ್ದೀರಾ? ಅವನನ್ನು ಹೊರಗೆ ಕಳಿಸಿಯಾಗಿದೆ. ಅವನ ಕುರಿ ಕಾಡಿಗೆ ಹಾನಿ.

ಈ ಗುಡ್ಡದಲ್ಲಿ ನಿಜವಾಗಿ ಓಡುವ ಜನ ಇದ್ದಾರೆ. ಚಳಿಗಾಲ ಕಳೆದು ಹುಲ್ಲು ಒಣಗಿದ ಮೇಲೆ ಬೆಂಕಿ ಬೀಳುತ್ತದೆ. ಆಗ ದಿನಗೂಲಿ ವಾಚರ್‌ಗಳು ಹವಾಯಿ ಚಪ್ಪಲಿಯಲ್ಲಿ, ಕೈಯಲ್ಲೊಂದು ಹಸಿ ಸೊಪ್ಪಿನ ಟೊಂಗೆ ಹಿಡಿದು, ಬೆಂಕಿ ಇದ್ದ ದಿಕ್ಕಿಗೇ ಏರು ಓಡುತ್ತಾರೆ. ದಾರಿಯಲ್ಲಿ ಬಾಳೆಹಣ್ಣಿಲ್ಲ. ನಳಿಕೆಯಲ್ಲಿ ನೀರಿಲ್ಲ. ಕೆಲಸ ಕಾಯಂ ಯಾವಾಗ ಅಂತ ಅವರನ್ನು ಕೇಳಿ ನೋಡಿ, ಉತ್ತರ ಕೊಡದೆ ನಗುತ್ತಾರೆ. ಆ ಕಾಡು ಇನ್ನೂ ಓಡುವಷ್ಟು ಚೆಂದ ಉಳಿದಿದ್ದರೆ ಅದು ಅವರು ಬಡಿದು ಉಳಿಸಿದ ಕಾಡು ಕಣ್ರೀ. ನಿಮ್ಮ ರಿಬ್ಬನ್ ಕಟ್ಟಲು, ಇನ್ನೂರೈವತ್ತು ಕೋಟಿ ವರ್ಷದ ಬಂಡೆಯ ಮೇಲೆ ಪೇಂಟಿನಲ್ಲಿ ಬಾಣ ಬರೆಯಲು ಅವರೇನು ಅದನ್ನು ಕಾದಿಟ್ಟಿರಲಿಲ್ಲ. ಸೌದೆಗೆ ಹೋದವಳ ಕುಡುಗೋಲು ಕಿತ್ತಿಟ್ಟುಕೊಳ್ಳುವ ಗೇಟೇ ಡಿಜೆ ಪೆಟ್ಟಿಗೆಗೆ ತೆರೆಯುವುದಾದರೆ ಬೋರ್ಡಿನಲ್ಲಿ ಅಭಯಾರಣ್ಯ ಅಂತ ಯಾಕೆ ಬರೆಸುತ್ತೀರಿ? ದರಪಟ್ಟಿ ಬರೆಸಿ.

ಓಡಲೇಬೇಕು ಅನ್ನುವವರಿಗೆ ಜಿಲ್ಲೆಯಲ್ಲಿ ಜಾಗಕ್ಕೇನು ಬರ. ಭೀಮಸಮುದ್ರದ ಕಡೆ ಬನ್ನಿ, ಅದಿರು ಲಾರಿ ಓಡುವ ರಸ್ತೆಗೆ. ಏರು ಇದೆ, ಇಳಿವು ಇದೆ, ತಾಂತ್ರಿಕ ಗುಂಡಿಗಳು ಬೇಕಾದಷ್ಟಿವೆ. ಕರಡಿಯ ಭಯವಿಲ್ಲ. 21 ಕಿ.ಮೀ. ಮುಗಿಯುವ ಹೊತ್ತಿಗೆ ಬಿಳಿ ಟೀ ಶರ್ಟು ತಾನಾಗಿ ಕೆಂಪಾಗಿರುತ್ತದೆ, ಪ್ರಿಂಟಿಂಗ್ ಖರ್ಚೂ ಉಳಿತಾಯ. ನೀವು ನಾನೂರು ಮಂದಿ ಒಂದು ಭಾನುವಾರ ಅಲ್ಲಿ ಕೆಮ್ಮುತ್ತಾ ಓಡಿದರೆ ಟಿ.ವಿ.ಯವರು ಬರುತ್ತಾರೆ. ಅಲ್ಲಿ ದಿನಾ ಕೆಮ್ಮುತ್ತಿರುವವರನ್ನೂ ಹಾಗೇ ಒಂದು ನಿಮಿಷ ತೋರಿಸಿಯಾರು.